ಹೊಕ್ಕುಳಬಳ್ಳಿಯ ಉಂಡೆಗಳು ಮತ್ತು ಬೆಸಗರಹಳ್ಳಿಯ ಅಜ್ಜಿ

ನಮ್ಮ ಲ್ಯಾಬಿನ ಬಾಗಿಲಿಗೆ "ನಿಶ್ಶಬ್ದವಾಗಿರಿ" ಎಂಬ ಬೋರ್ಡು ನೇತುಹಾಕಿದೆ. ಅದರ ಕೆಳಗೆ ನಿಂತು ನಾವು ನಕ್ಕಷ್ಟು ಮಂಡ್ಯದಲ್ಲಿ ಯಾರೂ ನಕ್ಕಿರಲಾರರು. ತಪ್ಪು ನಮ್ಮದಲ್ಲ. ವಿಜ್ಞಾನ ಎಷ್ಟೇ ಗಂಭೀರವಾದರೂ ನಮ್ಮಲ್ಲಿಗೆ ಅದು ಮದ್ದೂರಿನಿಂದ ಬಸ್ಸು ಹತ್ತಿ ಬರುತ್ತದೆ, ಅದನ್ನು ತೊಳೆದು ಒರೆಸುವವರು ಮಳವಳ್ಳಿ ಕಡೆಯವರು, ಅದಕ್ಕಾಗಿ ತಲೆ ಕೆಡಿಸಿಕೊಂಡವಳು ಕೆರಗೋಡಿನ ನಾನು. ಇನ್ನು ಇಂಥವು ನಡೆಯದೆ ಇರುತ್ತವೆಯೇ?

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡಬೇಕು. ಇಲ್ಲದಿದ್ದರೆ ನಮ್ಮತ್ತೆಯ ಹಾಗೆ ನೀವೂ "ಅದೇನೋ ಸೀಸೆ ತೊಳೀತಾಳೆ" ಅಂದುಕೊಳ್ಳುತ್ತೀರಿ. ನಮ್ಮ ಮೈಯಲ್ಲಿ ಕಾವಲು ಕಾಯುವ ಕೋಶಗಳಿವೆ. ರೋಗ ಬಂದರೆ ಬಡಿದಟ್ಟುವುದು ಅವುಗಳ ಕೆಲಸ. ಕೆಲವು ಸಲ ಅವಕ್ಕೆ ಪಿತ್ತ ನೆತ್ತಿಗೇರಿ, ಕಳ್ಳ ಬರದಿದ್ದರೂ ಮನೆಯವರನ್ನೇ ಬಡಿಯಲು ನಿಲ್ಲುತ್ತವೆ. ಆಗ ಅವುಗಳ ಸಿಟ್ಟು ಇಳಿಸುವ ಇನ್ನೊಂದು ಬಗೆಯ ಕೋಶಗಳಿವೆ. ಪುಸ್ತಕದಲ್ಲಿ ಅವನ್ನು ಸ್ಟ್ರೋಮಲ್ ಕೋಶ ಅನ್ನುತ್ತಾರೆ, ನಾನು ಆಸರೆ ಕೋಶ ಅನ್ನುತ್ತೇನೆ. ಮಗುವಿನ ಹೊಕ್ಕುಳಬಳ್ಳಿಯಲ್ಲಿ ಅವು ಧಾರಾಳವಾಗಿ ಸಿಗುತ್ತವೆ.

ಈ ಆಸರೆ ಕೋಶಗಳನ್ನು ಸಾಮಾನ್ಯವಾಗಿ ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಚಪ್ಪಟೆಯಾಗಿ ಹಾಸಿ ಬೆಳೆಸುತ್ತಾರೆ. ಆದರೆ ನಮ್ಮ ಮೈ ಚಪ್ಪಟೆ ಅಲ್ಲವಲ್ಲ. ಅದಕ್ಕೆ ಉದ್ದ, ಅಗಲ, ದಪ್ಪ ಮೂರೂ ಇದೆ; ನನ್ನ ಮೈಗೆ ಮೂರನೆಯದು ಸ್ವಲ್ಪ ಜಾಸ್ತಿಯೇ ಇದೆ. ಹಾಗಾದರೆ ಅವೇ ಕೋಶಗಳನ್ನು ಉಂಡೆಯಾಗಿ ಬೆಳೆಸಿದರೆ, ಸಿಟ್ಟು ಇಳಿಸುವ ಅವುಗಳ ಗುಣ ಹೆಚ್ಚುತ್ತದೋ, ಕಡಿಮೆಯಾಗುತ್ತದೋ? ನನ್ನ ಪಿಎಚ್.ಡಿ.ಯ ಪ್ರಶ್ನೆ ಇಷ್ಟೇ. ಇದಕ್ಕೆ ಆರು ವರ್ಷ ಕಳೆದಿದ್ದೆ. ಎರಡು ಬಳ್ಳಿ ತಂದು ನೋಡಿದ್ದೆ. ಎರಡರ ಉಂಡೆಗಳೂ ಕಾವಲು ಕೋಶಗಳ ಮುಂದೆ ಬೆಪ್ಪಾಗಿ ಕೂತಿದ್ದವು. ವಿಶ್ವವಿದ್ಯಾಲಯದಿಂದ, ಈ ವರ್ಷದ ಕೊನೆಗೆ ಪ್ರಬಂಧ ಕೊಡಿ, ಇನ್ನು ಗಡುವು ಮುಂದೂಡುವುದಿಲ್ಲ ಎಂದು ಪತ್ರ ಬಂದಿತ್ತು. ಇನ್ನೊಂದು ಬಳ್ಳಿಗೆ ಮಾತ್ರ ಸಮಯವಿತ್ತು.

೧. ರಸೀದಿ

ಮದ್ದೂರಿನ ಒಂದು ನರ್ಸಿಂಗ್ ಹೋಮಿನಿಂದ ಫೋನ್ ಬಂತು. ಮಾರನೆಯ ದಿನ ಒಂದು ಸಿಸೇರಿಯನ್ ಇದೆ, ಬೇಕಿದ್ದರೆ ಬಂದು ಕೇಳಿ ಅಂದರು. ಹೋದೆ. ಹೆರಿಗೆಗೆ ತವರಿಗೆ ಬಂದಿದ್ದ ಹುಡುಗಿ ಹಾಸಿಗೆಯ ಮೇಲೆ ಕೂತಿದ್ದಳು. "ಹೊಕ್ಕುಳಬಳ್ಳಿ ಹೇಗೂ ಕಸಕ್ಕೆ ಹೋಗುತ್ತಮ್ಮ, ನಮಗೆ ಕೊಟ್ಟರೆ ಉಪಯೋಗವಾಗುತ್ತೆ" ಅಂದೆ.

"ನಂದೇನಿಲ್ಲ ಮೇಡಂ, ನಮ್ಮವ್ವನ್ನ ಕೇಳಿ" ಅಂದಳು.

ಅವಳ ಅವ್ವ ಪಕ್ಕದ ಬೆಂಚಿನ ಮೇಲೆ ಎಲೆಅಡಿಕೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಬೆಸಗರಹಳ್ಳಿಯ ಅಜ್ಜಿ. ನನ್ನ ಮಾತು ಅದಕ್ಕೆ ಕೇಳಿಸಿತ್ತು.

"ಕಸ ಅಂದ್ಯಲ್ಲವ್ವ" ಅಂದಿತು ಅಜ್ಜಿ. "ಒಂಬತ್ ತಿಂಗ್ಳು ಮಗೀಗೆ ಅನ್ನ ಹಾಕಿದ್ದುನ್ನ ಕಸ ಅಂತೀಯಾ?"

ಆರು ವರ್ಷ ಬಳ್ಳಿಯ ಬಗ್ಗೆ ಓದಿದವಳು ನಾನು. ನನಗೆ ನಾಚಿಕೆಯಾಯಿತು. ತಪ್ಪಾಯಿತು ಅಂದೆ. ಅಜ್ಜಿ ಕೊಂಚ ಮೆತ್ತಗಾಗಿ ವಿಷಯ ಹೇಳಿತು. ಮಗಳಿಗೆ ಎರಡು ಸಲ ಬಸಿರು ನಿಂತಿರಲಿಲ್ಲ, ಇದು ಮೂರನೆಯದು. ಮಾಸು, ಬಳ್ಳಿ ಎರಡನ್ನೂ ಹಿತ್ತಲಲ್ಲಿ ಅರಿಸಿನ ಕುಂಕುಮ ಇಟ್ಟು ಹೂಳುವುದು ಅವರ ಪದ್ಧತಿ. ಅದು ಕಂಡಕಂಡಲ್ಲಿ ಬಿದ್ದರೆ ಮಗುವಿಗೆ ಆಗುವುದಿಲ್ಲ. ನನಗೂ ಇದು ಮೂರನೆಯದೇ ಎಂದು ಹೇಳಬೇಕೆನ್ನಿಸಿತು.

ನಿಯಮದ ಪ್ರಕಾರ ಒಪ್ಪಿಗೆ ಪತ್ರವನ್ನು ಜೋರಾಗಿ ಓದಿದೆ. ಅದರಲ್ಲಿ ಒಂದು ಸಾಲು ಹೀಗಿದೆ: "ಯಾವಾಗ ಬೇಕಾದರೂ, ಯಾವ ಕಾರಣವನ್ನೂ ನೀಡದೆ, ಈ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು." ಜಗತ್ತಿನಲ್ಲಿ ಯಾರೂ ಕಿವಿಗೊಡದ ಸಾಲು ಅದು.

"ಇನ್ನೊಂದ್ ಕಿತ ಓದು" ಅಂದಿತು ಅಜ್ಜಿ. ಓದಿದೆ. "ಅಂದ್ರೆ ನಾ ಕೇಳ್ದಾಗ ವಾಪಸ್ ಕೊಟ್ಬುಡ್ತೀಯ?"

ಅವಸರದಲ್ಲಿದ್ದೆ. "ಹೂಂ ಅಜ್ಜಿ" ಅಂದುಬಿಟ್ಟೆ.

"ಅಂಗಾರೆ ಸರಿ. ಮಾಸು ನಾವು ಊಳ್ಕತೀವಿ. ಬಳ್ಳಿ ಮೂರ್ ತಿಂಗ್ಳು ನಿನ್ ತಾವ ಇರ್ಲಿ. ಆಮ್ಯಾಕೆ ನಾನೇ ಬಂದು ಈಸ್ಕತೀನಿ."

ಮಗಳು ಸಹಿ ಹಾಕಿದಳು. ಅಜ್ಜಿ ತನಗೊಂದು ರಸೀದಿ ಕೇಳಿತು. ಮಾರನೆಯ ದಿನ ಹೆಣ್ಣು ಮಗು ಹುಟ್ಟಿ, ಬಳ್ಳಿ ನನ್ನ ಕೈಗೆ ಬಂದ ಮೇಲೆ, "ಹೊಕ್ಕುಳಬಳ್ಳಿ ಒಂದು, ಸ್ವೀಕರಿಸಿದೆ" ಎಂದು ಚೀಟಿ ಬರೆದುಕೊಟ್ಟೆ. ಅಜ್ಜಿ ಅದನ್ನು ನರ್ಸಿನ ಕೈಲಿ ಓದಿಸಿ ವಾಪಸು ಕೊಟ್ಟಿತು.

"ಉದ್ದ ಬರ್ದಿಲ್ವಲ್ಲವ್ವ. ಎರಡು ಗೇಣು ನಾಕ್ ಬೆಟ್ಟು ಅಂತ ಬರಿ. ನಾಳೆ ನೀ ಗಿಡ್ಡುದ್ ಕೊಟ್ರೆ?"

೨. ಟಿಕೆಟ್ಟು

ಬಳ್ಳಿಯನ್ನು ಸೀಸೆಯಲ್ಲಿಟ್ಟು, ಸೀಸೆಯನ್ನು ಮಂಜುಗಡ್ಡೆಯ ಡಬ್ಬದಲ್ಲಿಟ್ಟು, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಮಂಡ್ಯದ ಬಸ್ಸಿನಲ್ಲಿ ಕೂತೆ. ಕಂಡಕ್ಟರು ಬಂದವರೇ ನನ್ನ ಆಧಾರ್ ನೋಡಿ ಹೆಂಗಸರ ಫ್ರೀ ಟಿಕೆಟ್ ಕೊಟ್ಟು, ಡಬ್ಬ ನೋಡಿದರು.

"ಇದ್ಕೆ ಲಗೇಜ್ ಆಯ್ತದೆ. ಏನೈತೆ, ಮೀನಾ?"

"ಮೀನಲ್ಲ ಅಣ್ಣ, ಹೊಕ್ಕುಳಬಳ್ಳಿ. ಈಗ ತಾನೆ ಹುಟ್ಟಿದ ಮಗುವಿನದು. ಒಳಗೆ ಕೋಶಗಳಿನ್ನೂ ಜೀವಂತವಾಗಿವೆ."

ಹಿಂದಿನ ಸೀಟಿನ ಹೆಂಗಸು ಎದ್ದು ಬಂದು ಡಬ್ಬದ ಮೇಲೆ ತನ್ನ ಟವೆಲು ಹೊದಿಸಿದಳು. "ಎಳೇದು, ಗಾಳಿ ತಗಲಬಾರ್ದು" ಅಂದಳು. ಮುಂದಿನವರು ಕಿಟಕಿ ಎಳೆದರು. ಅವರನ್ನು ನೋಡಿ ಉಳಿದವರೂ ಎಳೆದರು. ಸುಡು ಬೇಸಿಗೆ. ಬಸ್ಸಿನಲ್ಲಿದ್ದ ಐವತ್ತು ಜನ ಬೆವರು ಸುರಿಸುತ್ತ, ಒಬ್ಬರೂ ಗೊಣಗದೆ, ಮಂಜುಗಡ್ಡೆಯ ಮೇಲೆ ಕೂತಿದ್ದ ಬಳ್ಳಿಗೆ ಗಾಳಿ ತಾಕದ ಹಾಗೆ ಮಂಡ್ಯದವರೆಗೆ ಬಂದರು. ನನ್ನ ಕಣ್ಣು ಒದ್ದೆಯಾಗಿದ್ದು ಬೆವರಿನಿಂದ ಮಾತ್ರ ಅಲ್ಲ.

ಕಂಡಕ್ಟರು ಮಾತ್ರ ಟಿಕೆಟ್ ಮಿಷನ್ ಹಿಡಿದು ನಿಂತೇ ಇದ್ದರು. ಕಾನೂನು ಕಾನೂನೇ.

"ಮಗ ಗಂಡಾ ಎಣ್ಣಾ?"

"ಹೆಣ್ಣು."

"ಅಂಗಾರೆ ಫ್ರೀ ಬುಡಿ" ಎಂದು ಮುಂದಕ್ಕೆ ಹೋದರು.

೩. ಪುರುಡು

ನಮ್ಮ ಲ್ಯಾಬಿನ ಅಟೆಂಡರು ಮಳವಳ್ಳಿ ಕಡೆಯವರು, ಐವತ್ತು ದಾಟಿದವರು. ಪ್ರತಿ ಶುಕ್ರವಾರ ಮೈಕ್ರೋಸ್ಕೋಪಿಗೆ ಹೂವಿಟ್ಟು ಊದುಬತ್ತಿ ಬೆಳಗುವುದು ಅವರ ಪದ್ಧತಿ. ಹೊಗೆ ಆಗದು ಎಂದು ನಮ್ಮ ಗೈಡ್ ಮೇಡಂ ಹೇಳಿದ ಮೇಲೆ ಊದುಬತ್ತಿ ಕಾರಿಡಾರಿಗೆ ಹೋಗಿತ್ತು, ಪೂಜೆ ಮಾತ್ರ ತಪ್ಪಿರಲಿಲ್ಲ. ಬಳ್ಳಿ ಬಂದ ವಾರ ಅದೂ ನಿಂತಿತು. ಯಾಕೆ ಎಂದು ಕೇಳಿದೆ.

"ಪುರುಡಲ್ವಾ ಮೇಡಮ್ಮೋರೆ. ಮಗೀನ ಬಳ್ಳಿ ಈ ರೂಮ್ನಾಗೈತೆ. ಅನ್ನೊಂದ್ ದಿನ ಪೂಜೆ ಮಾಡಂಗಿಲ್ಲ."

ವಾದ ಮಾಡಲಿಲ್ಲ. ಬಳ್ಳಿಯನ್ನು ಸಣ್ಣಗೆ ಹೆಚ್ಚಿ ತಟ್ಟೆಗಳಲ್ಲಿ ಇಟ್ಟು ನಾನೂ ದಿನ ಎಣಿಸುತ್ತಿದ್ದೆ. ಹನ್ನೊಂದನೆಯ ದಿನ ಬೆಳಿಗ್ಗೆ ಅಜ್ಜಿಯ ಫೋನ್ ಬಂತು. ಮಗುವಿಗೆ ಪುರುಡು ಕಳೆಯಿತು, ಬಳ್ಳಿಗೂ ಒಂದು ಹನಿ ನೀರು ಚಿಮುಕಿಸು ಎಂದು ಹೇಳಿತು. ಚಿಮುಕಿಸಿದರೆ ಬೂಷ್ಟು ಬಂದು ಆರು ವರ್ಷ ನೀರುಪಾಲಾಗುತ್ತದೆ ಎಂದು ಹೇಳುವ ಧೈರ್ಯವಾಗದೆ ಹೂಂಗುಟ್ಟಿ, ತಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ.

ಬಳ್ಳಿಯ ಚೂರಿನ ಅಂಚಿನಿಂದ ಕೋಶಗಳು ಹೊರಗೆ ತೆವಳಿ ಬಂದಿದ್ದವು. ನೀಳವಾಗಿ, ತೆಳ್ಳಗೆ, ಒಂದರ ಪಕ್ಕ ಒಂದು, ಗದ್ದೆಯಲ್ಲಿ ಸಾಲು ಹಿಡಿದು ನಾಟಿ ಮಾಡುವವರ ಹಾಗೆ. ಎಷ್ಟು ಸಲ ನೋಡಿದರೂ ನನಗೆ ಇದು ಅಭ್ಯಾಸವಾಗಿಲ್ಲ. ತಾಯಿ ಇಲ್ಲ, ಮಗು ಇಲ್ಲ, ರಕ್ತದ ಹರಿವಿಲ್ಲ, ಆದರೂ ಅವು ಬದುಕುವ ಕೆಲಸ ಬಿಟ್ಟಿಲ್ಲ. ಖುಷಿಗೆ ಅಟೆಂಡರನ್ನು ಕೂಗಿದೆ. ಅವರು ಊದುಬತ್ತಿ ಕೈಲಿ ಹಿಡಿದೇ ಓಡಿ ಬಂದು ನೋಡಿದರು.

"ನಿನ್ನೆ ಇರಲಿಲ್ಲ, ಇವತ್ತು ಹುಟ್ಟಿವೆ" ಅಂದೆ. "ಇನ್ನು ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ, ದಿನಾ ಹುಟ್ಟುತ್ತಲೇ ಇರುತ್ತವೆ!"

ಅವರ ಮುಖ ಇಳಿದುಹೋಯಿತು. ಊದುಬತ್ತಿಯನ್ನು ಮೆಲ್ಲಗೆ ಡ್ರಾಯರಿನೊಳಕ್ಕೆ ಹಾಕಿದರು.

"ದಿನಾ ಎರಿಗೆ ಆಯ್ತಾ ಇದ್ರೆ ಈ ಮನೆ ಪುರುಡು ಕಳ್ಯೋದು ಯಾವತ್ತು ಮೇಡಮ್ಮೋರೆ?"

೪. ಹೆಪ್ಪು

ಕೋಶಗಳು ಬೇಕಾದಷ್ಟಾದ ಮೇಲೆ ಉಂಡೆ ಕಟ್ಟಿಸಬೇಕು. ಕೋಶಗಳಿರುವ ದ್ರವದ ಸಣ್ಣ ಸಣ್ಣ ಹನಿಗಳನ್ನು ಮುಚ್ಚಳದ ಒಳಮೈಗೆ ಇಟ್ಟು, ಮುಚ್ಚಳವನ್ನು ಮೆಲ್ಲಗೆ ತಲೆಕೆಳಗು ಮಾಡುವುದು. ಹನಿ ಜೋತಾಡುತ್ತದೆ, ಬೀಳುವುದಿಲ್ಲ. ಒಳಗಿನ ಕೋಶಗಳಿಗೆ ಕಾಲೂರಲು ತಳ ಸಿಗದೆ ಹನಿಯ ತುದಿಗೆ ಇಳಿದು, ಒಂದನ್ನೊಂದು ತಬ್ಬಿಕೊಂಡು, ಎರಡು ದಿನದಲ್ಲಿ ಗಸಗಸೆ ಕಾಳಿಗಿಂತ ಚಿಕ್ಕ ಉಂಡೆಯಾಗುತ್ತವೆ. ಯಾರೂ ಹೇಳಿಕೊಡಬೇಕಿಲ್ಲ. ಇದನ್ನು ವಿವರಿಸಿದಾಗ ಅಟೆಂಡರು, "ನಿಲ್ಲಾಕೆ ನೆಲ ಇಲ್ದಿದ್ರೆ ಒಬ್ರುನ್ನೊಬ್ರು ಇಡ್ಕತಾರೆ ಬುಡಿ" ಅಂದರು. ನನ್ನ ಪ್ರಬಂಧದ ಹನ್ನೆರಡು ಪುಟ ಅದನ್ನೇ ಹೇಳುತ್ತದೆ.

ಅಲ್ಲಾಡಿಸಿದರೆ ಹನಿ ಕೆಡುತ್ತದೆ. ಯಾರೂ ಅವನ್ನು ಬೆಚ್ಚಗಿಟ್ಟ ಇನ್‌ಕ್ಯುಬೇಟರ್ ಪೆಟ್ಟಿಗೆ ಮುಟ್ಟದ ಹಾಗೆ ಒಂದು ಚೀಟಿ ಅಂಟಿಸಿ ಎಂದು ಅಟೆಂಡರಿಗೆ ಹೇಳಿ ಊಟಕ್ಕೆ ಹೋದೆ. ಅದೇ ಹೊತ್ತಿಗೆ ತಪಾಸಣೆಯ ತಂಡ ಬರಬೇಕೇ! ನಾನು ಓಡೋಡಿ ಬರುವಷ್ಟರಲ್ಲಿ ಮೂವರು ಹಿರಿಯ ಪ್ರೊಫೆಸರರು ನಮ್ಮ ದುಬಾರಿ ಇನ್‌ಕ್ಯುಬೇಟರಿನ ಮುಂದೆ ನಿಂತು, ದಪ್ಪ ಅಕ್ಷರದ ಚೀಟಿಯನ್ನು ಓದುತ್ತಿದ್ದರು.

"ಹೆಪ್ಪು ಹಾಕಿದೆ. ಅಲ್ಲಾಡಿಸಬೇಡಿ."

ಒಬ್ಬರು ಕನ್ನಡಕ ತೆಗೆದು ಗೈಡ್ ಮೇಡಮ್ಮನ್ನು ಕೇಳಿದರು. "ಲ್ಯಾಬಿನಲ್ಲಿ ಮೊಸರು ಮಾಡುತ್ತೀರೇನ್ರಿ?"

ಗೈಡ್ ಮೇಡಂ ಬಾಯಿ ತೆರೆಯುವ ಮೊದಲೇ ಅಟೆಂಡರು ಕೈಕಟ್ಟಿ ವಿನಯದಿಂದ ಹೇಳಿದರು. "ಇಲ್ಲ ಸಾರ್, ಇನ್ನೂ ಆಗಿಲ್ಲ. ನಾಳೀಕೆ ಗಟ್ಟಿಯಾಯ್ತದೆ."

೫. ಭಾವ, ಭಾಮೈದ

ಉಂಡೆಗಳ ಗುಣ ನೋಡಬೇಕಾದರೆ ಅವುಗಳ ಮುಂದೆ ಒಂದು ಜಗಳ ಹಚ್ಚಬೇಕು. ಅದಕ್ಕೊಂದು ಸುಲಭದ ದಾರಿಯಿದೆ. ಇಬ್ಬರು ಬೇರೆ ಬೇರೆ ಮನುಷ್ಯರ ರಕ್ತದಿಂದ ಕಾವಲು ಕೋಶಗಳನ್ನು ತೆಗೆದು ಒಂದೇ ಕಡೆ ಬಿಟ್ಟರೆ ಸಾಕು. ಪರಸ್ಪರ ಪರಕೀಯರೆಂದು ಅವು ಕೆರಳಿ, ಸಂಖ್ಯೆ ಹೆಚ್ಚಿಸಿಕೊಂಡು ಗುಂಪುಗಟ್ಟುತ್ತವೆ. ರಕ್ತ ಕೊಡುವವರು ಯಾರು ಎಂದು ಕೇಳಿದಾಗ ನಮ್ಮ ಅಟೆಂಡರು ಕೈ ಎತ್ತಿದರು. ಅವರು ಕೊಟ್ಟರೆಂದು ತಿಳಿದು ಗೇಟಿನ ವಾಚ್‌ಮನ್ನೂ ಹಟಕ್ಕೆ ಬಿದ್ದು ಕೊಟ್ಟರು.

ಹಟಕ್ಕೆ ಕಾರಣವಿತ್ತು. ವಾಚ್‌ಮನ್ನು ಅಟೆಂಡರ ಹೆಂಡತಿಯ ತಮ್ಮ. ಇಬ್ಬರ ಗದ್ದೆಯೂ ಒಂದೇ ನಾಲೆಯಲ್ಲಿ. ನೀರಿನ ಸರದಿಯಲ್ಲಿ ಯಾರು ಯಾರ ತೂಬು ಮುಚ್ಚಿದರು ಎಂಬುದರ ಮೇಲೆ ನಾಲ್ಕು ವರ್ಷದಿಂದ ಮಾತಿಲ್ಲ. ಆಡಬೇಕಾದ್ದನ್ನೆಲ್ಲ ನನ್ನ ಮುಖಾಂತರ ಆಡುತ್ತಾರೆ. "ಗೇಟ್ ತಾವ್ಲಿರೋ ಮನುಸನ್ನ ಬೀಗದ ಕೈ ಕೇಳಿ ಮೇಡಮ್ಮೋರೆ" ಎಂದು ಇವರು. "ಒಳ್ಗಿರೋ ದೊಡ್ಡ ಮನುಸ್ರಿಗೆ ಕೊಟ್ಟಾಯ್ತು ಅಂತೇಳಿ" ಎಂದು ಅವರು. ಎರಡು ಮಾರು ದೂರದಲ್ಲಿ ನಿಂತೇ!

ಇಬ್ಬರ ಕೋಶಗಳನ್ನು ಬೆರೆಸಿದೆ. ಐದನೆಯ ದಿನ ನೋಡಿದರೆ ನಾನು ಆರು ವರ್ಷದಲ್ಲಿ ಅಂಥ ಕಲಹ ನೋಡಿರಲಿಲ್ಲ. ಎಲ್ಲಿ ನೋಡಿದರೂ ದಟ್ಟ ಗುಂಪುಗಳು. "ಅಬ್ಬಬ್ಬಾ, ಎಂಥ ಜಗಳ!" ಎಂದು ಉದ್ಗಾರ ತೆಗೆದೆ.

"ಅದ್ಕೆ ರಕ್ತ ಯಾಕ್ ಕಳಕೋಬೇಕಿತ್ತು ಮೇಡಮ್ಮೋರೆ" ಅಂದರು ಅಟೆಂಡರು. "ನಮ್ಮೆಂಡ್ರುನ್ನ ಕೇಳಿದ್ರೆ ಏಳೋಳು."

ನಗುವೇನೋ ಬಂತು. ಆದರೆ ಪಕ್ಕದ ತಟ್ಟೆ ನೋಡಿದಾಗ ನಗು ಹಾರಿಹೋಯಿತು. ಅದರಲ್ಲಿ ಇದೇ ಜಗಳದ ನಡುವೆ ನನ್ನ ಉಂಡೆಗಳನ್ನು ಬಿಟ್ಟಿದ್ದೆ. ಉಂಡೆಗಳ ಸುತ್ತ ಜಗಳ ಜೋರಾಗಿ ನಡೆದಿತ್ತು, ಉಂಡೆಗಳು ಮೊದಲಿನ ಎರಡು ಬಳ್ಳಿಯವುಗಳಂತೆಯೇ ಬೆಪ್ಪಾಗಿ ಕೂತಿದ್ದವು. ಚಪ್ಪಟೆಯಾಗಿ ಬೆಳೆದ ಅವುಗಳ ಒಡಹುಟ್ಟಿದವು ಇನ್ನೊಂದು ತಟ್ಟೆಯಲ್ಲಿ ಜಗಳವನ್ನು ತಕ್ಕಮಟ್ಟಿಗೆ ತಣ್ಣಗೆ ಮಾಡಿದ್ದವು. ಅಜ್ಜಿ ಹೇಳಿದ ಮೂರು ತಿಂಗಳಲ್ಲಿ ಎರಡು ಕಳೆದಿತ್ತು.

೬. ಜಗುಲಿ ನ್ಯಾಯ

ಅಜ್ಜಿ ವಾರಕ್ಕೊಮ್ಮೆ ಫೋನ್ ಮಾಡುತ್ತಿತ್ತು. ಮೊದಲು ಮಗುವಿನ ಸಮಾಚಾರ ಹೇಳಿ, ಆಮೇಲೆ "ನಮ್ಮದು ಎಂಗೈತೆ?" ಎಂದು ಕೇಳುವುದು. ಅವತ್ತು ನನ್ನ ದನಿ ಸರಿಯಿರಲಿಲ್ಲ. ಏನಾಯಿತೆಂದು ಕೇಳಿತು. ಹೇಳಿಬಿಟ್ಟೆ. ಬಳ್ಳಿಯ ಕೋಶಗಳು ಜಗಳ ಬಿಡಿಸಬೇಕಿತ್ತು, ಹಾಸಿದರೆ ಬಿಡಿಸುತ್ತವೆ, ಉಂಡೆ ಕಟ್ಟಿದರೆ ಸುಮ್ಮನಿರುತ್ತವೆ, ನನ್ನ ಓದು ಇಲ್ಲಿಗೆ ಮುಗಿಯಿತು ಎಂದೆ.

"ಜಗಳ ಸುರುವಾದ್ ಮ್ಯಾಲೆ ಬುಟ್ಯಾ, ಮುಂಚೇನಾ?"

"ಎರಡನ್ನೂ ಒಟ್ಟಿಗೇ ಬಿಟ್ಟೆ ಅಜ್ಜಿ."

"ಅದ್ಕೇಯ. ನಮ್ ಮಾವ ಊರಿಗೆಲ್ಲ ನ್ಯಾಯ ಏಳೋರು ಕಣವ್ವ. ಜಗಲಿ ಮ್ಯಾಲೆ ಕೂತು ಮೊದ್ಲು ಎರಡೂ ಕಡೆ ಬೈಗುಳ ಪೂರ್ತಿ ಕೇಳೋರು. ಆಮ್ಯಾಕೆ ಬಾಯ್ ಬುಡೋರು. ನೀನು ಅವ್ರುನ್ನ ಒಳಮನೇಲಿ ಬಾಗ್ಲು ಆಕ್ಕೊಂಡು ಕೂರ್ಸಿದೀಯ. ಬೈಗುಳ ಕಿವೀಗೆ ಬೀಳ್ದೆ ಬುದ್ಧಿ ಎಂಗ್ ಏಳಾರು?"

ನನಗೆ ತಟ್ಟನೆ ಹೊಳೆಯಿತು. ಆಸರೆ ಕೋಶಗಳು ಸಿಟ್ಟಿಳಿಸುವ ಕೆಲಸಕ್ಕೆ ಇಳಿಯಬೇಕಾದರೆ ಕಾವಲು ಕೋಶಗಳು ಸಿಟ್ಟಿನಲ್ಲಿ ಸುರಿಸುವ ರಸ ಅವನ್ನು ಮುಟ್ಟಬೇಕು. ಹಾಸಿಕೊಂಡವನ್ನು ಅದು ಬೇಗ ಮುಟ್ಟುತ್ತದೆ. ಉಂಡೆಯ ಒಳಗಿರುವುದಕ್ಕೆ ನಿಧಾನ. ಜಗಳದ ತಟ್ಟೆಯಿಂದ ಸ್ವಲ್ಪ ದ್ರವ ತೆಗೆದು ಒಂದು ದಿನ ಮುಂಚೆಯೇ ಉಂಡೆಗಳಿಗೆ ಉಣಿಸಿದರೆ? ಓಡಿಹೋಗಿ ಗೈಡ್ ಮೇಡಮ್ಮಿಗೆ ಹೇಳಿದೆ. ಅವರು ಕುರ್ಚಿಯಿಂದ ಏಳಲೂ ಇಲ್ಲ.

"ಹೋದ ಬಳ್ಳಿಯಿಂದಲೂ ನಾನು ಬೋರ್ಡಿನ ಮೇಲೆ ಬಾಣ ಹಾಕಿ ತೋರಿಸ್ತಾ ಇರೋದು ಇದನ್ನೇ ಕಣಮ್ಮ. ಉಂಡೆ ತಾನಾಗಿಯೇ ಕೆಲಸ ಮಾಡಬೇಕು ಅಂತ ಹಟ ಹಿಡಿದೋಳು ನೀನು. ಹೋಗಲಿ, ಪ್ರಬಂಧದಲ್ಲಿ ಕೃತಜ್ಞತೆ ಬರೆಯುವಾಗ ಅಜ್ಜಿ ಹೆಸರು ಮೇಲೆ ಹಾಕು, ನನ್ನದು ಕೆಳಗೆ."

ಉಂಡೆಗಳಿಗೆ ಬೈಗುಳ ಉಣಿಸಿ, ಮಾರನೆಯ ದಿನ ಹೊಸ ಜಗಳಕ್ಕೆ ಬಿಟ್ಟೆ. ಐದನೆಯ ಬೆಳಿಗ್ಗೆ ನೋಡಲು ಧೈರ್ಯ ಸಾಲದೆ ಎರಡು ಸಲ ಕಾಫಿ ಕುಡಿದೆ. ಆಮೇಲೆ ನೋಡಿದೆ. ಗುಂಪುಗಳು ಕರಗಿದ್ದವು. ಅಲ್ಲೊಂದು ಇಲ್ಲೊಂದು ಸಣ್ಣ ಗುಂಪು ಬಿಟ್ಟರೆ ಕಾವಲು ಕೋಶಗಳು ಬಿಡಿಬಿಡಿಯಾಗಿ, ಸಂತೆ ಮುಗಿದ ಮೇಲಿನ ಜನರಂತೆ ತೆಪ್ಪಗಿದ್ದವು. ನಡುವೆ ನನ್ನ ಉಂಡೆಗಳು, ಅಲ್ಲಾಡದೆ. ಒಂದು ಕಾಳಿನ ಗಾತ್ರಕ್ಕೂ ಇಲ್ಲದ್ದು ಇಷ್ಟೊಂದು ಸಿಟ್ಟನ್ನು ಹೇಗೆ ಕುಡಿಯಿತು? ಕೈ ಮುಗಿಯಬೇಕೆನ್ನಿಸಿತು. ಯಾರೂ ಇರಲಿಲ್ಲ, ಮುಗಿದೆ.

ಆಮೇಲೆ ಅಟೆಂಡರನ್ನೂ ವಾಚ್‌ಮನ್ನನ್ನೂ ಕರೆದು ತೋರಿಸಿದೆ. ಒಬ್ಬರಾದ ಮೇಲೆ ಒಬ್ಬರು ನೋಡಿದರು. ನಿಮ್ಮಿಬ್ಬರದೂ ಒಂದೇ ತಟ್ಟೆಯಲ್ಲಿ ಜಗಳವಿಲ್ಲದೆ ಇವೆ, ನೋಡಿ ಎಂದೆ. ನಾಲ್ಕು ವರ್ಷದ ಮೇಲೆ ಮೊದಲ ಸಲ ವಾಚ್‌ಮನ್ನು ನೇರವಾಗಿ ಬಾಯಿಬಿಟ್ಟರು.

"ಭಾವ, ಮೊದ್ಲು ಸುಮ್ಕಾದೋವು ನಮ್ಮವೇ ಅನ್ನುಸ್ತದೆ."

"ನಿಮ್ಮವಾ? ತೂಬು ಮುಚ್ಚಿದೋವು ಸುಮ್ಕಾದಾವ್ಲಾ? ಇವು ನಮ್ಮವು ಕಣ್ಲಾ!"

ಆವತ್ತು ಸಂಜೆಯವರೆಗೂ ಜಗಳ ನಡೆಯಿತು. ಆದರೆ ನೇರವಾಗಿ ನಡೆಯಿತು, ನನ್ನ ಮುಖಾಂತರ ಅಲ್ಲ.

೭. ಬರಿ ಡಬ್ಬಿ

ಒಂದು ಸಲ ಆದದ್ದನ್ನು ವಿಜ್ಞಾನ ನಂಬುವುದಿಲ್ಲ. ಮೂರು ಸಲ ಆಗಬೇಕು. ಎರಡನೆಯ ಸಲವೂ ಆಯಿತು. ಮೂರನೆಯದು ತಟ್ಟೆಯಲ್ಲಿದ್ದು, ಇನ್ನೆರಡು ದಿನ ಬಾಕಿ ಇದ್ದಾಗ ಮೂರು ತಿಂಗಳು ತುಂಬಿತು. ಬೆಳಿಗ್ಗೆ ಹತ್ತಕ್ಕೆ ಅಜ್ಜಿ, ದಾರಿ ತೋರಿಸಲು ಬಂದ ವಾಚ್‌ಮನ್ನಿನ ಜೊತೆ, ಲ್ಯಾಬಿನ ಬಾಗಿಲಲ್ಲಿ ನಿಂತಿತ್ತು. ಒಂದು ಕೈಯಲ್ಲಿ ರಸೀದಿ, ಇನ್ನೊಂದರಲ್ಲಿ ಹೊಳೆಯುವ ಸ್ಟೀಲ್ ಡಬ್ಬಿ.

"ಗುಂಡಿ ತೋಡ್ಸಿ ಬಂದಿವ್ನಿ ಮಗ. ಕೊಡು, ಓಯ್ತೀನಿ" ಅಂದಿತು. ಮಗಳೂ ಒಪ್ಪಿ ಕಳಿಸಿದ್ದಳು.

ಗೈಡ್ ಮೇಡಂ ನನ್ನ ಕಡೆ ನೋಡಿದರು. ಓದಿ ಹೇಳಿದ್ದು ನಾನೇ, ಹೂಂ ಅಂದವಳೂ ನಾನೇ. ಯಾವಾಗ ಬೇಕಾದರೂ, ಯಾವ ಕಾರಣವನ್ನೂ ನೀಡದೆ. ಬೇಡ ಅನ್ನುವ ಹಕ್ಕು ನಮಗಿರಲಿಲ್ಲ. ಅಜ್ಜಿ ಹಟ ಹಿಡಿದರೆ ತಟ್ಟೆಗಳನ್ನೆಲ್ಲ ನಿಲ್ಲಿಸಬೇಕು, ಆರು ವರ್ಷ ಅಲ್ಲಿಗೆ ಮುಗಿಯಿತು.

"ಕೊಡ್ತೀನಿ ಅಜ್ಜಿ" ಅಂದೆ. "ಆದರೆ ಈಗ ಅದು ಎರಡು ಗೇಣು ಇಲ್ಲ. ಬೇರೆ ಥರ ಆಗಿದೆ. ಒಂದು ಸಲ ನೋಡಿಬಿಡಿ."

ಅಜ್ಜಿ ಚಪ್ಪಲಿ ಬಿಟ್ಟು ಒಳಗೆ ಬಂದು ಮೈಕ್ರೋಸ್ಕೋಪಿಗೆ ಬಗ್ಗಿತು. ಮೊದಲು ತನ್ನ ರೆಪ್ಪೆಯನ್ನೇ ನೋಡಿ, "ಏನ್ ಮಗ, ಬರೀ ಕೂದ್ಲೈತೆ" ಅಂದಿತು. ಅಟೆಂಡರು ತಲೆ ಸರಿಯಾಗಿ ಹಿಡಿಯುವುದನ್ನು ಹೇಳಿಕೊಟ್ಟರು. ಉಂಡೆಗಳಿಲ್ಲದ ತಟ್ಟೆ ತೋರಿಸಿದೆ.

"ಇಸ್ಸಿ, ಏನ್ ಗುಂಪು, ಏನ್ ಗಲಾಟೆ. ನಮ್ ಬೀದಿ ನಲ್ಲಿ ತಾವ ಇದ್ದಂಗೈತೆ."

ಉಂಡೆಗಳಿರುವ ತ‌ಟ್ಟೆ ಇಟ್ಟೆ. ಅಜ್ಜಿ ನೋಡಿತು. ನೋಡುತ್ತಲೇ ಇತ್ತು. ಆಮೇಲೆ, ಕಣ್ಣು ತೆಗೆಯದೆಯೇ, ಕೈ ಹಿಂದಕ್ಕೆ ಚಾಚಿ ಸೆರಗು ಎಳೆದು ತಲೆಯ ಮೇಲೆ ಹೊದ್ದುಕೊಂಡಿತು. ನಮ್ಮ ಕಡೆ ಹಿರಿಯರ ಮುಂದೆ, ದೇವರ ಮುಂದೆ ಮಾತ್ರ ಹಾಗೆ ಹೊದೆಯುತ್ತಾರೆ. ಲ್ಯಾಬಿನ ಬೋರ್ಡು ಹೇಳಿದ ಮಾತು ಅವತ್ತು ಮೊದಲ ಸಲ ನಡೆಯಿತು.

"ಇವು ನಮ್ ಮಗೀವಾ?"

"ಹೂಂ ಅಜ್ಜಿ."

"ಸುತ್ತ ಇರೋರು ಯಾರು?"

"ಇವರದು, ಅವರದು" ಎಂದು ಭಾವ ಭಾಮೈದರನ್ನು ತೋರಿಸಿದೆ. ಅಜ್ಜಿ ಇಬ್ಬರನ್ನೂ ಮೇಲಿನಿಂದ ಕೆಳಗೆ ಅಳೆಯಿತು.

"ಇಷ್ಟು ವಯಸ್ಸಾದೋರ್ಗೆ ಮೂರ್ ತಿಂಗ್ಳ ಕೂಸು ಬುದ್ಧಿ ಏಳ್ಬೇಕಾಯ್ತಾ?" ಅಜ್ಜಿ ರಸೀದಿಯನ್ನು ಮಡಿಸಿ ಎಲೆಅಡಿಕೆ ಚೀಲಕ್ಕೆ ಸೇರಿಸಿತು. "ಇರ್ಲಿ ಬುಡವ್ವ. ಕೆಲ್ಸದ ಮ್ಯಾಲವ್ರೆ. ಮಧ್ಯದಾಗೆ ಎಬ್ಬಿಸ್ಕೊಂಡು ಓಗಬಾರ್ದು."

ನಾನು ಅಜ್ಜಿಯನ್ನು ತಬ್ಬಿಕೊಂಡು ಅತ್ತೆ. ಅಜ್ಜಿ ಡಬ್ಬಿ ಕೈಗಿಟ್ಟಿತು. ಒಳಗೆ ತಂಬಿಟ್ಟಿತ್ತು. ತಂಬಿಟ್ಟು ನಾವು ನಾಲ್ವರೂ ಕಾರಿಡಾರಿನಲ್ಲಿ ನಿಂತು ತಿಂದು ಮುಗಿಸಿದ ಮೇಲೆಯೇ ಅಜ್ಜಿಯ ಉಪಾಯ ನಮಗೆ ತಿಳಿದದ್ದು.

"ತುಂಬ್ಕೊಂಡ್ ಬಂದ ಡಬ್ಬೀನ ಬರಿದು ಕೊಡಂಗಿಲ್ಲ ಕಣವ್ವ. ಏನಾರ ಆಕ್ಕೊಡು. ಗುಂಡಿ ಬೇರೆ ಕಾಯ್ತೈತೆ."

ಕೋಶ ಹೊರಗೆ ಕೊಡುವಂತಿಲ್ಲ. ಗೈಡ್ ಮೇಡಂ ತಲೆ ಕೆರೆದುಕೊಂಡರು. ಕೊನೆಗೆ ಮೈಕ್ರೋಸ್ಕೋಪಿನಲ್ಲಿ ಉಂಡೆಯದೊಂದು ದೊಡ್ಡ ಫೋಟೊ ತೆಗೆದು, ಬಣ್ಣದಲ್ಲಿ ಪ್ರಿಂಟ್ ಹಾಕಿ, ಸುರುಳಿ ಸುತ್ತಿ ಡಬ್ಬಿಯಲ್ಲಿಟ್ಟೆ. ಅಜ್ಜಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿತು. ಎರಡು ದಿನದ ಮೇಲೆ ಮೂರನೆಯ ಸಲವೂ ಜಗಳ ತಣ್ಣಗಾಯಿತು. ವರ್ಷದ ಕೊನೆಗೆ ಪ್ರಬಂಧ ಸಲ್ಲಿಸಿದೆ. ಕೃತಜ್ಞತೆಯ ಪುಟದಲ್ಲಿ ಗೈಡ್ ಮೇಡಂ ಎರಡನೆಯವರು.

ಮಗುವಿನ ಮೊದಲ ವರ್ಷದ ಹುಟ್ಟುಹಬ್ಬಕ್ಕೆ ಬೆಸಗರಹಳ್ಳಿಗೆ ನಮ್ಮನ್ನೆಲ್ಲ ಕರೆದಿದ್ದರು. ಭಾವ ಭಾಮೈದರು ಒಂದೇ ಬೈಕಿನಲ್ಲಿ, ದಾರಿಯುದ್ದಕ್ಕೂ ಜಗಳವಾಡುತ್ತ ಬಂದರು. ಮಗು ಗುಂಡುಗುಂಡಾಗಿತ್ತು, ನನ್ನ ಕನ್ನಡಕ ಕಿತ್ತುಕೊಂಡು ನಕ್ಕಿತು. ಹಿತ್ತಲಿಗೆ ಹೋಗಿ ನೋಡಿದೆ. ಗುಂಡಿಯಿದ್ದ ಕಡೆ ಒಂದು ನಿಂಬೆ ಗಿಡ ನೆಟ್ಟಿದ್ದರು, ಫೋಟೊ ಹೂತಿರಬೇಕು ಅಂದುಕೊಂಡೆ. ಒಳಗೆ ಬಂದರೆ, ನಡುಮನೆಯ ಗೋಡೆಯಲ್ಲಿ ಮನೆಯವರ ಫೋಟೊಗಳ ಸಾಲಿನಲ್ಲಿ, ಮಗುವಿನ ಫೋಟೊದ ಪಕ್ಕ, ಕಟ್ಟು ಹಾಕಿಸಿ ನನ್ನ ಉಂಡೆ ಕೂತಿತ್ತು. ಹಣೆಗೆ ಕುಂಕುಮ ಬೇರೆ. ಉಂಡೆಗೆ ಹಣೆ ಎಲ್ಲಿ ಎಂದು ಅಜ್ಜಿ ಹೇಗೆ ಕಂಡುಹಿಡಿಯಿತೋ, ಆರು ವರ್ಷ ನೋಡಿದ ನನಗೆ ತಿಳಿಯದು.

ಊಟಕ್ಕೆ ಬಂದ ನೆಂಟರ ಹೆಂಗಸೊಬ್ಬಳು ಅದರ ಮುಂದೆ ನಿಂತು, "ಇದ್ಯಾರತ್ತೆ?" ಎಂದು ಕೇಳಿದಳು. ಅಜ್ಜಿ ಒಬ್ಬಟ್ಟಿನ ತಟ್ಟೆ ಹಿಡಿದು ಹೋಗುತ್ತಿದ್ದದ್ದು ನಿಂತು, ಫೋಟೊ ಕಡೆ ಕಣ್ಣು ತುಂಬ ನೋಡಿತು.

"ಇವ್ಳು ನಮ್ ಇನ್ನೊಬ್ಳು ಮೊಮ್ಮಗ್ಳು ಕಣವ್ವ. ಮಂಡ್ಯದಾಗೆ ಓದ್ತಾವ್ಳೆ. ಯಾರ್ ಕಿತ್ತಾಡುದ್ರೂ ಬುಡುಸ್ತಾಳೆ. ಒಂದೇ ಒಂದು ಅಂದ್ರೆ, ಮೊದ್ಲು ಬೈಗುಳ ಪೂರ್ತಿ ಕೇಳಿಸ್ಕಬೇಕು ಅವ್ಳಿಗೆ. ಥೇಟು ನಮ್ ಮಾವನ್ ಗುಣ."